ಪ್ರಶ್ನೆ ನಿಮ್ಮದಾಗಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಪದವಿ ತರಗತಿಗೆ ಕಾಲಿಟ್ಟ ಮೊದಲಿಗರು. ಮಾತಿಗೆ ಕುಳಿತರೆ ತಮ್ಮ ಊರಿನ ಕೆರೆ, ಜಮೀನು, ಜಾತ್ರೆ, ಜಗಳಗಳ ಬಗ್ಗೆ ಎಷ್ಟು ಹೊತ್ತಾದರೂ ಹೇಳಬಲ್ಲರು. ಅದೇ ಮಕ್ಕಳು ಪ್ರಬಂಧ ಬರೆಯಲು ಪೆನ್ನು ಹಿಡಿದೊಡನೆ ತಮಗೆ ಗೊತ್ತಿರುವುದನ್ನೆಲ್ಲ ಹೊರಗಿಟ್ಟುಬಿಡುತ್ತಾರೆ. ತಲೆಬರಹ ‘ಕರ್ನಾಟಕದ ಕೃಷಿ ಸಮಸ್ಯೆಗಳು’ ಎಂದಿರುತ್ತದೆ. ಮೊದಲ ಸಾಲು ಭಾರತ ಕೃಷಿಪ್ರಧಾನ ದೇಶ ಎನ್ನುತ್ತದೆ, ಕೊನೆಯ ಸಾಲು ಸರ್ಕಾರ ಗಮನ ಹರಿಸಬೇಕು ಎನ್ನುತ್ತದೆ. ನಡುವೆ ಬರೆದವರು ಎಲ್ಲೂ ಕಾಣುವುದಿಲ್ಲ. ಇದು ಮಕ್ಕಳ ತಪ್ಪಲ್ಲ. ನಿಮ್ಮೂರು ಕೂಡ ಅಧ್ಯಯನಕ್ಕೆ ಯೋಗ್ಯ ಎಂದು ಅವರಿಗೆ ಹೇಳಿದವರು ಕಡಿಮೆ.

ಒಳ್ಳೆಯ ಪ್ರಬಂಧ ಹುಟ್ಟುವುದು ಒಂದು ಚಿಕ್ಕ, ನಿಜವಾದ ಪ್ರಶ್ನೆಯಿಂದ. ಈ ಸೀಮೆಯ ವರ್ಜೀನಿಯಾ ತಂಬಾಕನ್ನೇ ನೋಡಿ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಮಂಡಳಿ ಹುಟ್ಟಿದ್ದು 1975ರ ಕಾಯ್ದೆಯಿಂದ. ‘ತಂಬಾಕು ಬೆಳೆಯ ಸಾಧಕ ಬಾಧಕ’ ಎಂದು ಹೊರಟರೆ ಹತ್ತು ಪುಟ ತುಂಬಬಹುದು, ಹೊಸದೇನೂ ಸಿಗದು. ‘ನಮ್ಮೂರಿನ ತಂಬಾಕು ಬೇಯಿಸುವ ಬ್ಯಾರನ್‌ಗಳಿಗೆ ಸೌದೆ ಎಲ್ಲಿಂದ ಬರುತ್ತಿದೆ, ಮೊದಲು ಎಲ್ಲಿಂದ ಬರುತ್ತಿತ್ತು?’ ಎಂದು ಕೇಳಿ. ಆಗ ಯಾರನ್ನು ಮಾತನಾಡಿಸಬೇಕು, ಯಾವ ಚೀಟಿ ನೋಡಬೇಕು, ಯಾವ ಲೆಕ್ಕ ಹಾಕಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಅಂಥ ಪ್ರಶ್ನೆಗೆ ಗೈಡುಗಳಲ್ಲಿ ಉತ್ತರವಿಲ್ಲ. ನೀವು ಹುಡುಕಿದರೆ ಮಾತ್ರ ಉಂಟು.

ಎರಡನೆಯದು ಸಾಕ್ಷ್ಯದ ಮಾತು. ಆಧಾರ ಎಷ್ಟು ಹೇಳುತ್ತದೆ, ನಾವು ಎಷ್ಟು ಊಹಿಸುತ್ತಿದ್ದೇವೆ ಎಂಬುದನ್ನು ಬೇರ್ಪಡಿಸಿ ಬರೆಯುವುದೇ ಶಾಸ್ತ್ರೀಯ ಬರವಣಿಗೆಯ ಜೀವ. ಇದನ್ನು ಕಲಿಯಲು ಎಚ್.ಡಿ. ಕೋಟೆ ಸೀಮೆಯ ಬೆಳತೂರಿನ ಶಾಸನಕ್ಕಿಂತ ಒಳ್ಳೆಯ ಪಾಠ ಬೇಡ. 1057ರ ಈ ಕನ್ನಡ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ, 1898ರಲ್ಲಿ ಪ್ರಕಟಿಸಿದರು. ಗಂಡ ಏಚ ರಾಜಾಜ್ಞೆಯಿಂದ ತಲಕಾಡಿನಲ್ಲಿ ಪ್ರಾಣ ಕಳೆದುಕೊಂಡ ಸುದ್ದಿ ಕೇಳಿ, ಹೆತ್ತವರೂ ಬಂಧುಗಳೂ ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕ ದೇಕಬ್ಬೆಯ ಕಥೆ ಅದು. ಇದನ್ನು ಓದಿದ ವಿದ್ಯಾರ್ಥಿ ಮೂರು ಬಗೆಯ ವಾಕ್ಯ ಬರೆಯಬಹುದು. ‘ಬಂಧುಗಳು ತಡೆದರೂ ದೇಕಬ್ಬೆ ಬೆಂಕಿ ಹೊಕ್ಕಳೆಂದು ಶಾಸನ ಹೇಳುತ್ತದೆ’: ಇದು ಆಧಾರದ ಮಾತು. ‘ತಡೆದವರನ್ನು ಶಾಸನವೇ ನೆನೆಯುವುದರಿಂದ, ಇಂಥ ಸಾವನ್ನು ಅಂದಿನವರೆಲ್ಲ ಸಹಜವೆಂದು ಒಪ್ಪಿರಲಿಲ್ಲ ಎನ್ನಬಹುದು’: ಇದು ಊಹೆ, ಆದರೆ ಕಾರಣವುಳ್ಳ ಊಹೆ. ‘ಆ ಕಾಲದ ಹೆಂಗಸರೆಲ್ಲ ಸಹಗಮನ ಮಾಡುತ್ತಿದ್ದರು’: ಇದಕ್ಕೆ ಒಂದು ಕಲ್ಲಿನ ಬಲ ಸಾಲದು. ಬೇಯಿಸಿದ ತಂಬಾಕನ್ನು ನಿಮ್ಮ ಮನೆಯ ಹೆಂಗಸರು ಜಗಲಿಯಲ್ಲಿ ಕುಳಿತು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುವಂತೆ, ಈ ಮೂರು ಬಗೆಯ ವಾಕ್ಯಗಳನ್ನು ಬೇರೆ ಮಾಡುವ ಕಣ್ಣು ಬಂದರೆ ಅರ್ಧ ಪ್ರಬಂಧ ಮುಗಿದಂತೆ.

ಆಧಾರವೆಂದರೆ ಕಲ್ಲು, ಕಡತಗಳೇ ಆಗಬೇಕಿಲ್ಲ. ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳನ್ನು ಕಂಡವರು ಇನ್ನೂ ಇದ್ದಾರೆ. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಗಳಲ್ಲಿ ಕಾಡಿನ ಪ್ರತಿ ತಿರುವಿಗೂ ಹೆಸರು ಬಲ್ಲ ಹಿರಿಯರಿದ್ದಾರೆ. ಅವರ ಮಾತೂ ಆಧಾರವೇ. ಆದರೆ ಪುಸ್ತಕಕ್ಕೆ ತೋರುವ ಶಿಸ್ತನ್ನೇ ಅವರ ಮಾತಿಗೂ ತೋರಬೇಕು. ಯಾರು ಹೇಳಿದರು, ಎಂದು ಹೇಳಿದರು, ತಾವೇ ಕಂಡದ್ದೋ ಕೇಳಿದ್ದೋ ಎಂದು ಗುರುತು ಹಾಕಿಕೊಳ್ಳಿ. ಹೆಸರು ಬಳಸಲು ಒಪ್ಪಿಗೆ ಕೇಳಿ. ‘ಮುಗ್ಧ ಜನ’, ‘ಹಿಂದುಳಿದ ಜನ’ ಎಂಬ ಸಿದ್ಧ ಮಾತುಗಳನ್ನು ಕೈಬಿಟ್ಟು ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ಹಾಡಿಯಿಂದಲೇ ಬಂದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ನಿಮ್ಮ ಅಜ್ಜಿಯ ನುಡಿಯಲ್ಲಿರುವ ತಿಳಿವಳಿಕೆ ಇನ್ನೂ ಯಾವ ಗ್ರಂಥಾಲಯಕ್ಕೂ ಪೂರ್ತಿ ಸೇರಿಲ್ಲ. ಅದನ್ನು ನಿಮ್ಮಷ್ಟು ಚೆನ್ನಾಗಿ ಬರೆಯಬಲ್ಲವರು ಬೇರೆ ಇಲ್ಲ.

ಮೂರನೆಯದು ಎದುರುವಾದ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರ ಮೇಲೆ ಬರೆಯುವ ಪ್ರಬಂಧಗಳು ಹೆಚ್ಚಾಗಿ ಸ್ತುತಿಯಲ್ಲೇ ಮುಗಿಯುತ್ತವೆ. ಅವರು ಮುಖ್ಯಮಂತ್ರಿಯಾಗಿದ್ದ ಕಾಲದ 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟಿತು ಎಂದ ಮೇಲೆ ಮುಂದಿನ ಪ್ರಶ್ನೆ ಬರಲೇಬೇಕು. ನಮ್ಮ ಊರಿನಲ್ಲಿ ಯಾರು ಅರ್ಜಿ ಹಾಕಿದರು? ಯಾರಿಗೆ ಸಿಕ್ಕಿತು? ಗೇಣಿಯೂ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಏನು ದಕ್ಕಿತು? ಹೀಗೆ ಕೇಳುವುದರಿಂದ ಅರಸರ ಹಿರಿಮೆ ಕುಂದುವುದಿಲ್ಲ. ಪ್ರಬಂಧದ ಬೆಲೆ ಹೆಚ್ಚುತ್ತದೆ. ಇಂಥ ಎದುರುವಾದಕ್ಕೆ ಜೀವಂತ ಮಾದರಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ. ಅಲ್ಲಿನ ಸೆರಾ ಮಠದ ಅಂಗಳದಲ್ಲಿ ಟಿಬೆಟನ್ ಭಿಕ್ಷುಗಳು ಓದಿದ್ದನ್ನು ವಾದದ ಮೂಲಕ ಅರಗಿಸಿಕೊಳ್ಳುತ್ತಾರೆ. ಕುಳಿತವನು ತನ್ನ ನಿಲುವನ್ನು ಕಾಯಬೇಕು; ನಿಂತವನು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಬರೆಯುವವರು ಈ ಎರಡೂ ಪಾತ್ರವನ್ನು ತಾವೇ ವಹಿಸಬೇಕು. ನಿಮ್ಮ ಮಾತಿಗೆ ಬರಬಹುದಾದ ಅತಿ ಬಲವಾದ ಆಕ್ಷೇಪವನ್ನು ನೀವೇ ಎತ್ತಿ, ನೀವೇ ಉತ್ತರಿಸಿ. ಉತ್ತರ ಸಿಗದಿದ್ದರೆ ನಿಲುವನ್ನು ತಿದ್ದಿಕೊಳ್ಳಿ.

ನಕಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲೇ ನಿಯಮ ತಂದಿದೆ. ಆದರೆ ದಂಡದ ಭಯಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಇನ್ನೊಬ್ಬರ ಮಾತನ್ನು ಅವರ ಹೆಸರಿನೊಂದಿಗೆ ತಂದರೆ ಅದು ನಿಮ್ಮ ವಾದಕ್ಕೆ ಸಾಕ್ಷಿಯಾಗುತ್ತದೆ. ಹೆಸರಿಲ್ಲದೆ ತಂದರೆ ನಿಮ್ಮ ಯೋಚನೆಯ ಜಾಗವನ್ನೇ ಅದು ಆಕ್ರಮಿಸುತ್ತದೆ.

ಅಧ್ಯಾಪಕರಲ್ಲಿ ನಮ್ಮ ವಿನಂತಿ ಇದು: ‘ತಂಬಾಕು’, ‘ಬುಡಕಟ್ಟು’, ‘ಭೂಸುಧಾರಣೆ’ ಎಂದು ಬರಿಯ ವಿಷಯ ಕೊಟ್ಟು ಕೈಬಿಡಬೇಡಿ. ಪ್ರತಿ ವಿದ್ಯಾರ್ಥಿಯಿಂದ ಮೊದಲು ಒಂದೇ ವಾಕ್ಯದ ಪ್ರಶ್ನೆಯನ್ನು ಬರೆಸಿ, ಅದು ಚಿಕ್ಕದಾಗುವವರೆಗೆ ಚರ್ಚಿಸಿ. ಮೊದಲ ಕರಡಿಗೆ ಅಂಕ ಕೊಡಬೇಡಿ. ‘ಇದು ನಿನಗೆ ಹೇಗೆ ಗೊತ್ತು?’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿ. ವಿದ್ಯಾರ್ಥಿಗಳು ಎರಡನೆಯ ಕರಡನ್ನು ಗೆಳೆಯರೆದುರು ಗಟ್ಟಿಯಾಗಿ ಓದಲಿ; ಎಡವಿದ ವಾಕ್ಯಗಳನ್ನು ಒಡೆದು ಬರೆಯಲಿ.

ಹೀಗೆ ಬರೆದ ಪ್ರಬಂಧಗಳಿಗೆ ಈ ಪತ್ರಿಕೆಯ ಪುಟಗಳು ತೆರೆದಿವೆ. ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಹೊರಗಿನವರು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ, ಅದರಲ್ಲಿ ಒಳ್ಳೆಯದೂ ಬಹಳವಿದೆ. ಇನ್ನು ಮುಂದೆ ಆ ಬರಹಗಳನ್ನು ಓದಿ, ಪರೀಕ್ಷಿಸಿ, ಬೇಕಾದ ಕಡೆ ತಿದ್ದುವ ಕೆಲಸ ಇಲ್ಲಿ ಹುಟ್ಟಿ ಬೆಳೆದವರದಾಗಬೇಕು. ಅದಕ್ಕೆ ಬೇಕಾದ ತಯಾರಿ ತರಗತಿಯ ಮೊದಲ ಪ್ರಬಂಧದಿಂದಲೇ ಶುರುವಾಗಲಿ.