ಕಿಟಕಿಗೆ ಬಣ್ಣ ಸರಿ, ನೀರು ಎಲ್ಲಿಂದ ಬಂತು ಸ್ವಾಮಿ?

ದಸರಾ ಹತ್ತಿರ ಬಂತೆಂದರೆ ನಮ್ಮ ಹೈದರಾಬಾದಿನಲ್ಲಿ ಪೇಂಟರ್ ಮೇಸ್ತ್ರಿಗಳು ಕೈಗೆ ಸಿಗುವುದೇ ಕಷ್ಟ. ಬತುಕಮ್ಮ ಶುರುವಾಗುವುದರೊಳಗೆ ಮನೆ ಹೊಳೆಯಬೇಕು ಅಂತ ಎಲ್ಲರಿಗೂ ಆಸೆ. ಗೋಡೆಗಾದರೆ ನನ್ನ ತಕರಾರಿಲ್ಲ. ಆದರೆ ಮರದ ಕಿಟಕಿಗೆ ಆ ಹೊತ್ತಿನಲ್ಲಿ ಬಣ್ಣ ಹೊಡೆಸುವುದು ದುಡ್ಡನ್ನು ಮೂಸಿ ನದಿಗೆ ಎಸೆದ ಹಾಗೆ! ಜೂನ್‌ನಿಂದ ತೇವ ಕುಡಿದು ಉಬ್ಬಿದ ಮರ ಅದು. ಮೇಲೆ ಇನಾಮೆಲ್ ಬಳಿದರೆ ಒಳಗಿನ ತೇವ ಎಲ್ಲಿಗೆ ಹೋಗಬೇಕು? ಸಂಕ್ರಾಂತಿ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಕೂತಿರುತ್ತೆ.

ನಾವಿರುವುದು ತೊಂಬತ್ತರ ದಶಕದಲ್ಲಿ ಕಟ್ಟಿದ ಫ್ಲಾಟು, ತೇಗದ ಕಿಟಕಿಗಳು. ಅಕ್ಕಪಕ್ಕದವರೆಲ್ಲ ಬೈಯುವುದು ಮಳೆಯನ್ನೇ. ಮಳೆಯೇ ಕಾರಣವಾದರೆ ಹೊರಮೈ ಮೊದಲು ಕೆಡಬೇಕಲ್ಲವೇ? ಹೊರಗೆ ಸಜ್ಜಾ ಇದೆ, ಬಣ್ಣ ಗಟ್ಟಿಯಾಗಿದೆ. ಕೆಟ್ಟಿರುವುದು ಒಳಗಡೆ, ಗಾಜಿನ ಕೆಳಗಿನ ಅಡ್ಡಪಟ್ಟಿ, ಅದರಲ್ಲೂ ಎರಡು ಮೂಲೆಗಳು. ಅಲ್ಲೇ ಕಪ್ಪು ಬೂಷ್ಟು.

ಆ ನೀರು ನಮ್ಮ ಮನೆಯದೇ. ಸ್ವಲ್ಪ ಲೆಕ್ಕ ನೋಡಿ (ಬ್ಯಾಂಕಿನವನ ಚಟ, ಸಹಿಸಿಕೊಳ್ಳಿ). ಒಂದು ಕೆಜಿ ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರಿನಷ್ಟು ಆವಿ ಹುಟ್ಟುತ್ತೆ. 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಹೆಚ್ಚು! ಕುಕ್ಕರಿನ ಹಬೆ, ಗೀಸರ್ ನೀರಿನ ಸ್ನಾನ, ಹಾಲಿನಲ್ಲಿ ಒಣಹಾಕಿದ ಬಟ್ಟೆ ಬೇರೆ. ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಕಿಟಕಿ ಮುಚ್ಚುತ್ತೇವೆ. ಹೈದರಾಬಾದಿನಲ್ಲಿ ಎಂಥಾ ಚಳಿ ಅಂತ ನಗಬೇಡಿ, ಡಿಸೆಂಬರ್ ಬೆಳಗಿನ ಜಾವ 15 ಡಿಗ್ರಿಗೆ ಇಳಿಯುತ್ತೆ. ಬೆಚ್ಚಗಿನ ಕೋಣೆಯ ಆವಿ ತಣ್ಣನೆಯ ಗಾಜಿಗೆ ತಾಗಿ ನೀರಾಗಿ ಇಳಿಯುತ್ತೆ. ಗಾಜಿನ ಸುತ್ತ ಪುಟ್ಟಿ ಬಿರುಕು ಬಿಟ್ಟಿದ್ದರಂತೂ ಸೀದಾ ಮರದೊಳಕ್ಕೆ.

ಕಲಬುರಗಿ ಕಡೆಯ ಹಳೆ ಮನೆಗಳಲ್ಲಿ ಈ ರಗಳೆ ಇರಲಿಲ್ಲ. ಕಿಟಕಿಗೆ ಗಾಜೇ ಇಲ್ಲ, ಬರೀ ಸರಳು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ, ಹಬೆ ಎಲ್ಲ ಮೇಲಕ್ಕೆ. ಇಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ ಅಂದರೆ ಕರೆಂಟ್ ಬಿಲ್ಲಿನ ಮಾತು ಬರುತ್ತೆ.

ಈಗ ನಮ್ಮ ಬಿಲ್ಡಿಂಗಿನಲ್ಲಿ ಹೊಸ ವಾದ ಎದ್ದಿದೆ: ಮರ ಕಿತ್ತು ಯುಪಿವಿಸಿ ಹಾಕಿಸಿಬಿಡೋಣ ಅಂತ. ನಾನು ಒಪ್ಪುವುದಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಮೆತ್ತಗಾಗಿರುವುದು ಕೆಳಗಿನ ನಾಲ್ಕು ಇಂಚು ಮಾತ್ರವಾದರೆ ಬಡಗಿ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಕೂಡಿಸುತ್ತಾನೆ. ಅಂಥ ತೇಗ ಇನ್ನು ಆ ಬೆಲೆಗೆ ಸಿಗುತ್ತದೆಯೇ? ಇನ್ನೊಂದು, ಗಾಳಿ ಆಡದಂತೆ ಬಿಗಿಯಾದ ಕಿಟಕಿ ಹಾಕಿ ಆವಿಯನ್ನು ಹಾಗೇ ಬಿಟ್ಟರೆ, ಬೂಷ್ಟು ಮರ ಬಿಟ್ಟು ಬೀರುವಿನ ಹಿಂದಿನ ಗೋಡೆಗೆ ಹತ್ತುತ್ತೆ. ದಮ್ಮಿನ ಕಾಯಿಲೆಯವರು ಇರುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಕೆರೆಯುವ ಕೆಲಸದ ಬಗ್ಗೆ ಒಂದು ಮಾತು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಇನಾಮೆಲ್ ಪದರಗಳಲ್ಲಿ ಸೀಸ ಇರಬಹುದು. ಒಣ ಸ್ಯಾಂಡ್ ಪೇಪರ್ ಉಜ್ಜಿ ಧೂಳೆಬ್ಬಿಸಿದರೆ ಅದು ಮೊದಲು ಹೋಗುವುದು ನೆಲದ ಮೇಲೆ ಆಡುವ ಮಗುವಿನ ಬಾಯಿಗೆ. ಮೇಸ್ತ್ರಿಗೆ ಹೇಳಿದರೆ "ಕುಛ್ ನೈ ಹೋತಾ ಸಾಬ್" ಅನ್ನುತ್ತಾನೆ. ಪಾಪ, ಮೊದಲು ಉಸಿರಾಡುವವನು ಅವನೇ! ಒದ್ದೆ ಮಾಡಿ ವಾಟರ್ ಪೇಪರಿನಲ್ಲೇ ಉಜ್ಜಿಸಿ, ಮಾಸ್ಕ್ ಕೊಡಿ, ಮಕ್ಕಳನ್ನು ಆಚೆ ಕಳಿಸಿ, ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಮರ ಪೂರ್ತಿ ಒಣಗಲಿ. ಬರಿ ಮರಕ್ಕೆ ವುಡ್ ಪ್ರೈಮರ್, ಕಿಟಕಿ ಬಾಗಿಲಿನ ಅಡಿಯ ಅಂಚಿಗೂ ಮರೆಯದೆ. (ಕಣ್ಣಿಗೆ ಕಾಣದ ಜಾಗ, ಬಿಟ್ಟೇ ಬಿಡುತ್ತಾರೆ.) ಲಪ್ಪ ಹಾಕಿ ಎರಡು ತೆಳು ಕೋಟ್ ಇನಾಮೆಲ್, ಗಾಜಿನ ಮೇಲೂ ಒಂದೆರಡು ಮಿಲಿಮೀಟರ್ ಹತ್ತುವಂತೆ.

ಇದಕ್ಕೆಲ್ಲ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಮೇಸ್ತ್ರಿಗಳೂ ಪುರುಸೊತ್ತಾಗಿ ಸಿಗುತ್ತಾರೆ. ಮಾರ್ಚ್ ಕೊನೆಗೆ ನಮಗೆ ಲೆಕ್ಕ ಮುಗಿಸುವ ಗಡಿಬಿಡಿ, ಹಾಗಾಗಿ ನಮ್ಮ ಮನೆಯ ಕೆಲಸ ಫೆಬ್ರವರಿಗೇ.