ಇಬ್ಬನಿಯ ಮೇಲಣ ಹಾದಿ

ಮಾಗಿಯ ಇಬ್ಬನಿ ಚೆನ್ನಾಗಿ ಬಿದ್ದರೆ ಅವರೆಕಾಯಿಗೆ ಸೊಗಡು ಏರುವುದೆಂದು ಹಾಸನದ ಸೀಮೆಯ ರೈತ ಹಿಗ್ಗುತ್ತಾನೆ. ಸಣ್ಣ ವಿಮಾನ ನಡೆಸುವವನಿಗಾದರೋ ಅದೇ ಇಬ್ಬನಿ ಚಿಂತೆಗೆ ಕಾರಣ. ಒಂದೇ ತಂಪು ಒಬ್ಬನಿಗೆ ವರ, ಇನ್ನೊಬ್ಬನಿಗೆ ಎಚ್ಚರಿಕೆ.

ಬೆಂಗಳೂರಿನ ಜಕ್ಕೂರಿನಿಂದ ಹಾಸನಕ್ಕೆ ನೇರ ಗೆರೆ ಎಳೆದರೆ ಸುಮಾರು 160 ಕಿಲೋಮೀಟರು. ಪುಟ್ಟ ಸೆಸ್ನಾ ವಿಮಾನಕ್ಕೆ ಒಂದು ಗಂಟೆಯೂ ಹಿಡಿಯದ ಪಯಣ. ಚನ್ನರಾಯಪಟ್ಟಣದ ಸೀಮೆ ಬಂದಿತೆಂಬುದಕ್ಕೆ, ದೂರದಲ್ಲಿ ಎಡಗಡೆ, ವಿಂಧ್ಯಗಿರಿಯ ಮೇಲೆ ನಿಂತ ಗೊಮ್ಮಟನೇ ಸಾಕ್ಷಿ. ಮುಂದೆ ಹೇಮಾವತಿಯ ದಂಡೆಯ ಹೊಳೆನರಸೀಪುರ. ನದಿಯನ್ನೇ ಹಿಡಿದು ಮೇಲಕ್ಕೆ ಸಾಗಿದರೆ ಗೊರೂರಿನ ಜಲಾಶಯ. ಅದರ ದಕ್ಷಿಣಕ್ಕೆ ಅರಕಲಗೂಡು. ಆಕಾಶ ತಿಳಿಯಾಗಿದ್ದರೆ ಭೂಪಟವೇ ಕಾಲಡಿಯಲ್ಲಿ ಹಾಸಿದಂತೆ.

ಆದರೆ ಮೋಡವಿಲ್ಲದ, ಗಾಳಿಯಿಲ್ಲದ ಚಳಿಯಿರುಳೇ ಮಂಜಿಗೆ ತವರು. ನೆಲ ತನ್ನ ಕಾವನ್ನು ಕಳೆದುಕೊಂಡಾಗ ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಅದರಲ್ಲಿನ ಆವಿ ಹನಿಗಟ್ಟುತ್ತದೆ. ಹೊಳೆಯ ಕಣಿವೆ, ಗದ್ದೆಬಯಲು, ಕೆರೆಯಂಗಳಗಳು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತವೆ. ಇಲ್ಲೊಂದು ಮೋಸವುಂಟು. ತೆಳುವಾದ ಮಂಜಿನೊಳಗೆ ನೇರ ಕೆಳಗೆ ನೋಡಿದರೆ ಮನೆ, ಮರ, ರಸ್ತೆ ಎಲ್ಲವೂ ಕಾಣುತ್ತವೆ. ಇಳಿಯಲು ಹೊರಟು ಓರೆಯಾಗಿ ಮುಂದೆ ನೋಡಿದಾಗ ಏನೂ ಕಾಣದು! ಬಿಸಿಲೇರಿದ ಮೇಲೂ ಮಂಜು ಒಮ್ಮೆಗೇ ಕರಗದೆ, ಮೇಲೆದ್ದು ತಗ್ಗಿನ ಮೋಡವಾಗಿ ಗುಡ್ಡಗಳ ನೆತ್ತಿಯನ್ನು ಮುಚ್ಚುವುದುಂಟು. ಇದರ ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ತುಂತುರು ಮಳೆಯೂ ಬಂದೀತು.

ಕಣ್ಣನ್ನೇ ನಂಬಿ ಹಾರುವವನಿಗೆ ನಿಯಮ ಸ್ಪಷ್ಟವಾಗಿದೆ: 5 ಕಿಲೋಮೀಟರು ದೂರ ಕಾಣಬೇಕು, ಮೋಡದಿಂದ ಅಡ್ಡಲಾಗಿ 1,500 ಮೀಟರು, ಮೇಲೆ ಕೆಳಗೆ 300 ಮೀಟರು ಅಂತರವಿರಬೇಕು. ಅಷ್ಟಿಲ್ಲದಿದ್ದರೆ ಹಿಂದಿರುಗಬೇಕು.

ಹಿಂದಿರುಗುವುದೂ ಸುಲಭವೆಂದು ಓದುಗರು ಎಣಿಸಬಾರದು. ಈ ಕಾಲದಲ್ಲಿ ಗಾಳಿ ಬಹುಮಟ್ಟಿಗೆ ಮೂಡಣದಿಂದ ಬೀಸುತ್ತದೆ. ಹೋಗುವಾಗ ಬೆನ್ನು ತಟ್ಟುತ್ತದೆ, ಬರುವಾಗ ಎದೆಗೆ ಎದುರಾಗುತ್ತದೆ. ವಿಮಾನದ ವೇಗ ಗಂಟೆಗೆ 180 ಕಿಲೋಮೀಟರು, ಗಾಳಿಯದು 30 ಎಂದಿಟ್ಟುಕೊಳ್ಳೋಣ. ಅರ್ಧ ಗಂಟೆಯಲ್ಲಿ 105 ಕಿಲೋಮೀಟರು ಸಾಗಿಬಿಡಬಹುದು. ಅಲ್ಲಿಂದ ಮರಳಲು ಬೇಕಾಗುವುದು ಅರ್ಧ ಗಂಟೆಯಲ್ಲ, 42 ನಿಮಿಷ! ಬಂದಷ್ಟೇ ಹೊತ್ತಿನಲ್ಲಿ ಹಿಂದಿರುಗುವೆನೆಂದು ಪೆಟ್ರೋಲಿನ ಲೆಕ್ಕ ಹಾಕಿದವನು ಕೆಟ್ಟ. ಇನ್ನು ಐದು ನಿಮಿಷ ನೋಡೋಣ, ಮುಂದೆ ತಿಳಿಯಾದೀತು ಎಂಬ ಆಸೆಯೊಂದೊಂದಕ್ಕೂ ಮರುದಾರಿಯಲ್ಲಿ ಏಳು ನಿಮಿಷದ ಬೆಲೆ ತೆರಬೇಕು.

ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಉಪಗ್ರಹ ನಿಯಂತ್ರಣ ಕೇಂದ್ರವಿದೆ. 36,000 ಕಿಲೋಮೀಟರು ಎತ್ತರದಿಂದ ಮೋಡಗಳ ಚಿತ್ರ ತೆಗೆಯುವ ಇನ್ಸಾಟ್ ಉಪಗ್ರಹಗಳನ್ನು ಈ ಊರಿನಿಂದಲೇ ನಡೆಸುತ್ತಾರೆ. ಅಂಥ ಕಣ್ಣಿನ ನೆರವನ್ನು ಹಾರುವ ಮುನ್ನ ಪಡೆಯದವನು ಅವಿವೇಕಿ. ಆದರೆ ಹೊಳೆನರಸೀಪುರದ ಆಚೆ ಕಣಿವೆ ಬೆಳ್ಳಗಾದ ಗಳಿಗೆಯಲ್ಲಿ ವಿಮಾನವನ್ನು ತಿರುಗಿಸಬೇಕಾದ ಕೈ ಚಾಲಕನದೇ. ಊರು ಸೇರದೆ ಮರಳಿದುದಕ್ಕೆ ನಾಚಿಕೆಪಡಬೇಕಾಗಿಲ್ಲ. ನಾಳೆಯೂ ಬಿಸಿಲೇರುವುದು, ಮಂಜು ಕರಗುವುದು. ಹೊರಡಲು ಚಾಲಕನಿರಬೇಕು, ಅಷ್ಟೆ.