ಒಂದು ಯೀಸ್ಟ್, ನಾಲ್ಕು ವಂಶ, ಅದೇ ಮಾತ್ರೆ

ಹೋದ ವಾರ ಮೆಡಿಕಲ್ ಶಾಪ್‌ನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದವರು ‘ಹುಳಕಡ್ಡಿ ಮಾತ್ರೆ ನಾಲ್ಕು ಕೊಡಪ್ಪಾ’ ಅಂದರು. ಡಾಕ್ಟರ್ ಚೀಟಿ ಇಲ್ಲ. ಅಂಗಡಿಯವರು ಕೊಟ್ಟಿದ್ದು ಫ್ಲೂಕೊನಜೋಲ್. ನಾನೂ ಹಿಂದೆ ಹೀಗೇ ತಗೊಂಡು ನುಂಗಿದವನೇ, ಬೈಯುವ ಹಕ್ಕಿಲ್ಲ. ಆದರೆ ಆ ಹೆಸರು ಕಂಡರೆ ಈಗ ಕ್ಯಾಂಡಿಡಾ ಆರಿಸ್ ನೆನಪಾಗುತ್ತದೆ.

ಇದೊಂದು ಯೀಸ್ಟ್. ಬ್ರೆಡ್ ಉಬ್ಬಿಸುವ, ಸೇಂದಿಗೆ ನೊರೆ ಬರಿಸುವ ಯೀಸ್ಟ್‌ನ ದೂರದ ನೆಂಟ. ಜಪಾನಿನಲ್ಲಿ ವೃದ್ಧೆಯೊಬ್ಬರ ಕಿವಿಯಲ್ಲಿ ಸಿಕ್ಕಿತು, 2009ರಲ್ಲಿ ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆರಿಸ್ ಅಂದರೆ ಕಿವಿ. ಗಟ್ಟಿಮುಟ್ಟಾಗಿರುವವರಿಗೆ ಸಾಮಾನ್ಯವಾಗಿ ಏನೂ ಮಾಡದು. ಐಸಿಯುನಲ್ಲಿ ಟ್ಯೂಬ್ ಹಾಕಿಸಿಕೊಂಡು ಮಲಗಿದವರ ರಕ್ತಕ್ಕೆ ಇಳಿದರೆ ಮಾತ್ರ ಪ್ರಾಣಕ್ಕೇ ಅಪಾಯ. ಆಸ್ಪತ್ರೆ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರುತ್ತದೆ.

2012ರಿಂದ 2015ರ ನಡುವೆ ಪಾಕಿಸ್ತಾನ, ಭಾರತ, ದಕ್ಷಿಣ ಆಫ್ರಿಕಾ, ವೆನೆಜುವೆಲಾದ 54 ರೋಗಿಗಳಿಂದ ಇದರ ಮಾದರಿ ತೆಗೆದು ಡಿಎನ್‌ಎ ಓದಿದರು. ಒಂದು ಕಡೆ ಹುಟ್ಟಿ ವಿಮಾನ ಹತ್ತಿ ಎಲ್ಲಾ ಕಡೆ ಹೋಗಿದ್ದರೆ ಎಲ್ಲವೂ ಒಂದೇ ಥರ ಇರಬೇಕಿತ್ತು. ಇರಲಿಲ್ಲ. ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಂದು ನಾಲ್ಕು ವಂಶ. ಒಂದೇ ವಂಶದೊಳಗೆ ವ್ಯತ್ಯಾಸ ಬಹಳ ಕಡಿಮೆ, ವಂಶ ವಂಶದ ನಡುವೆ ಸಾವಿರಾರು. ಆಮೇಲೆ ಇರಾನಿನಲ್ಲಿ ಐದನೆಯದೂ ಸಿಕ್ಕಿತು. ಅಂದರೆ ಯಾರೂ ಯಾರಿಗೂ ಅಂಟಿಸಿದ್ದಲ್ಲ. ಬೇರೆ ಬೇರೆ ಖಂಡದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಬೇರೆ ಬೇರೆಯಾಗಿಯೇ ತಲೆ ಎತ್ತಿದೆ.

ಆ ಮಾದರಿಗಳಲ್ಲಿ 100ಕ್ಕೆ 93ಕ್ಕೆ ಫ್ಲೂಕೊನಜೋಲ್ ನಾಟಲಿಲ್ಲ! ಔಷಧಿ ಕೀಲಿಯಾದರೆ, ಈ ಯೀಸ್ಟ್ ತನ್ನ ಬೀಗವನ್ನೇ ಬದಲಾಯಿಸಿಕೊಂಡಿದೆ. ಒಂದಕ್ಕೊಂದು ಪರಿಚಯವೇ ಇಲ್ಲದ ವಂಶಗಳು ಅದೇ ಜೀನ್‌ನಲ್ಲಿ, ತಮ್ಮಷ್ಟಕ್ಕೆ ತಾವೇ, ಆ ಬದಲಾವಣೆ ಮಾಡಿಕೊಂಡಿವೆ. ಪೂರ್ವ ಏಷ್ಯಾದ್ದು ಮಾತ್ರ ಹೆಚ್ಚಾಗಿ ಕಿವಿಯಲ್ಲೇ ಉಳಿದಿದೆ, ಬಹುತೇಕ ಔಷಧಿಗೆ ಬಗ್ಗುತ್ತದೆ. ನಮ್ಮ ಭಾಗದ್ದು ಬಗ್ಗುವುದಿಲ್ಲ.

ಹೊರಗಿನ ಪ್ರಕೃತಿಯಲ್ಲಿ ಇದು ಮೊದಲು ಸಿಕ್ಕಿದ್ದು ಅಂಡಮಾನಿನ ಕಡಲ ತೀರದಲ್ಲಿ, ದೆಹಲಿಯ ವಿಜ್ಞಾನಿಗಳಿಗೆ. 2022ರಲ್ಲಿ ಉತ್ತರ ಭಾರತದ ಸೇಬುಗಳ ಮೇಲೂ ಕಂಡರು. ಮರದಿಂದ ಆಗಷ್ಟೇ ಕಿತ್ತ ಹಣ್ಣಿನಲ್ಲಿ ಇರಲಿಲ್ಲ, ದಾಸ್ತಾನಿಟ್ಟು ಮಾರಿದ ಹಣ್ಣಿನಲ್ಲಿತ್ತು. (ಹಾಗಂತ ಸೇಬು ಬಿಡಬೇಡಿ, ತೊಳೆದು ತಿನ್ನಿ.) ದ್ರಾಕ್ಷಿಯ ಬೂದಿ ರೋಗಕ್ಕೆ ಹೊಡೆಯುವ ಹೆಕ್ಸಾಕೊನಜೋಲ್ ಡಬ್ಬಿಯ ಹೆಸರಿನ ಕೊನೆ ಓದಿ ನೋಡಿ. ಅದೂ ಫ್ಲೂಕೊನಜೋಲ್ ಮನೆತನದ್ದೇ. ಹೊಲದ ಔಷಧಿಯಿಂದಲೇ ಈ ಯೀಸ್ಟ್ ಮೊಂಡಾಯಿತು ಅಂತ ಸಾಬೀತಾಗಿಲ್ಲ. ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರದ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿಯಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದನ್ನು ಅತಿ ಗಂಭೀರ ಪಟ್ಟಿಗೆ ಸೇರಿಸಿತು. ಸಾಮಾನ್ಯ ಲ್ಯಾಬ್ ಪರೀಕ್ಷೆ ಇದನ್ನು ಬೇರೆ ಕ್ಯಾಂಡಿಡಾ ಅಂತ ತಪ್ಪು ಹೇಳುವುದುಂಟು. ಹಾಗಾಗಿ ನನ್ನ ಬೇಡಿಕೆ ಒಂದೇ: ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಶಿಲೀಂಧ್ರ ಗುರುತಿಸಿ, ಯಾವ ಔಷಧಿ ನಾಟುತ್ತದೆ ಎಂದು ಹೇಳುವ ಲ್ಯಾಬ್ ಬೇಕು. ಕಟ್ಟಡ ಉದ್ಘಾಟನೆಗೆ ಬರುವವರನ್ನು ಇದನ್ನೂ ಕೇಳಿ. ನಿಮ್ಮವರು ಐಸಿಯುನಲ್ಲಿದ್ದು, ಆಂಟಿಬಯೋಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ, ‘ರಕ್ತದಲ್ಲಿ ಫಂಗಸ್ ಇದೆಯಾ ಅಂತ ನೋಡಿದ್ರಾ ಸರ್?’ ಅಂತ ಡಾಕ್ಟರನ್ನು ಕೇಳುವುದಕ್ಕೆ ಸಂಕೋಚ ಬೇಡ.